ಕಾಲರ್ ಬಂತು, ಬ್ಯಾಂಡ್ ಬರಲಿಲ್ಲ: ಮಕ್ಕಳ ಶರ್ಟ್ ಹೊಲಿಯಲು ಕಲಿಸುವ ಒಂದು ಕೋರ್ಸಿನ ಬಗ್ಗೆ

ಇಲ್ಲಿಯವರೆಗೆ ಮೂರು ಶರ್ಟ್ ಹೊಲಿದಿದ್ದೇನೆ. ಮೊದಲನೆಯದು ಈಗ ಮೆಷಿನ್ ಒರೆಸುವ ಬಟ್ಟೆ. ಎರಡನೆಯದನ್ನು ಮಗ ಬಣ್ಣ ಬಳಿಯುವಾಗ ಹಾಕಿಕೊಳ್ಳುತ್ತಾನೆ, ಅದೂ ಮೇಲಿನ ಗುಂಡಿ ಹಾಕದೆ. ಮೂರನೆಯದನ್ನು ಮಾತ್ರ ಹೊರಗೆ ಹೊರಟಾಗ ತಾನೇ ಕೇಳಿ ಹಾಕಿಸಿಕೊಂಡ. ಈ ಮೂರರ ಹಿಂದೆಯೂ ಇರುವುದು ಒಂದು ಆನ್‌ಲೈನ್ ಕೋರ್ಸು. ಮಕ್ಕಳ ಕಾಲರ್ ಶರ್ಟ್ ಹೊಲಿಯಲು ಕಲಿಸುವ ವಿಡಿಯೋಗಳು, ಜೊತೆಗೆ ಮನೆಯಲ್ಲೇ ಪ್ರಿಂಟ್ ತೆಗೆದುಕೊಳ್ಳುವ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸಲು ಅಳತೆಗೆ ಬರೆದ ಕಾಗದದ ನಕ್ಷೆ. ಹೆಸರು ಹೇಳುವುದಿಲ್ಲ. ನೋಡಿದರೆ ಒಬ್ಬರೇ ಕೂತು ಮಾಡಿದ ಕೋರ್ಸಿನ ಹಾಗಿದೆ, ನನ್ನ ಹತ್ತಿರ ದೂರು ಸ್ವಲ್ಪ ಜಾಸ್ತಿಯೇ ಇದೆ, ಅವರ ಹೊಟ್ಟೆ ಮೇಲೆ ಹೊಡೆಯುವ ಆಸೆ ನನಗಿಲ್ಲ. ಇಂಥದ್ದೇ ಯಾವುದಾದರೂ ಕೋರ್ಸಿಗೆ ಸೇರುವ ಯೋಚನೆ ಇದ್ದವರಿಗೆ ಏನು ನೋಡಿಕೊಂಡು ಸೇರಬೇಕು ಅಂತ ಗೊತ್ತಾದರೆ ಸಾಕು.

ಒಂದೇ ಮಾತಲ್ಲಿ ಬೇಕು ಅನ್ನುವವರಿಗೆ: ಕಾಲರ್ ಹೊಲಿಯುವುದನ್ನು ಇದಕ್ಕಿಂತ ಚೆನ್ನಾಗಿ ಹೇಳಿಕೊಟ್ಟಿದ್ದನ್ನು ನಾನು ನೋಡಿಲ್ಲ. ಆದರೆ ಆ ಕಾಲರನ್ನು ಕುತ್ತಿಗೆಗೆ ಕೂರಿಸುವ ಬ್ಯಾಂಡ್ ಇದೆಯಲ್ಲ, ಅಲ್ಲಿಗೆ ಬಂದ ತಕ್ಷಣ ಇವರು ಓಟ ಕೀಳುತ್ತಾರೆ. ಎಲ್ಲರೂ ಎಡವುವುದೇ ಅಲ್ಲಿ.

ನನ್ನ ಕೈ ಎಷ್ಟರದ್ದು ಅಂತಲೂ ಹೇಳಬೇಕು ಅಲ್ವಾ. ದಿಂಬಿನ ಕವರು, ಕೈಚೀಲ, ಮಗನಿಗೆ ಎಲಾಸ್ಟಿಕ್ ಹಾಕಿದ ನಾಲ್ಕಾರು ಪೈಜಾಮ, ಇಷ್ಟು ಹೊಲಿದಿದ್ದೆ. ನೇರ ಹೊಲಿಗೆ ನೇರವಾಗಿ ಬರುತ್ತದೆ, ಅಷ್ಟೇ. ಕೋರ್ಸಿನ ಮುಖಪುಟದಲ್ಲಿ ‘ಪೂರ್ತಿ ಹೊಸಬರಿಗೂ ಆಗುತ್ತದೆ’ ಅಂತ ಬರೆದಿದ್ದಾರೆ. ಆಗುವುದಿಲ್ಲ. ಬಾಬಿನ್‌ಗೆ ದಾರ ಸುತ್ತುವುದನ್ನು ಇನ್ನೂ ಹುಡುಕಿಕೊಂಡು ನೋಡುವವರು ಮೊದಲು ಎರಡು ಪೈಜಾಮ ಹೊಲಿದು ಬನ್ನಿ.

ಮೊದಲ ದಿನ ಪೂರ್ತಿ ಪ್ರಿಂಟಿನಲ್ಲೇ ಹೋಯಿತು. 22 ಹಾಳೆ. ಒಂದಕ್ಕೊಂದು ಅಂಟಿಸಿ, ಗೆರೆ ಕೂಡಿಸಿ, ಕತ್ತರಿಸಿ, ನೆಲದ ಮೇಲೆ ಹಾಸಿ ನೋಡಿದರೆ ಏನೋ ಸಾಧಿಸಿದ ಖುಷಿ. ಆಮೇಲೆ ಕಣ್ಣಿಗೆ ಬಿತ್ತು ಆ ಚೌಕ. ಪ್ರಿಂಟು ಸರಿಯಾದ ಅಳತೆಗೆ ಬಂದಿದೆಯೇ ಅಂತ ನೋಡಲು ಒಂದು ಚೌಕ ಕೊಟ್ಟಿರುತ್ತಾರೆ, ಅದರ ಬದಿ ಸರಿಯಾಗಿ 5 ಸೆಂ.ಮೀ. ಇರಬೇಕು. ನನ್ನದು 4.8 ಇತ್ತು. ಪ್ರಿಂಟರ್ ತಾನಾಗೇ ಹಾಳೆಗೆ ಹೊಂದಿಸಿ ಕುಗ್ಗಿಸಿಬಿಟ್ಟಿತ್ತು. ಎರಡು ಮಿಲಿಮೀಟರ್ ತಾನೇ ಅಂತ ಅನಿಸುತ್ತದೆ, ಆದರೆ ಅದು ನೂರಕ್ಕೆ ನಾಲ್ಕರ ಲೆಕ್ಕ. ಎದೆಯ ಹತ್ತಿರ 70 ಸೆಂ.ಮೀ. ಬರಬೇಕಾದ ಶರ್ಟು 67.2ಕ್ಕೆ ನಿಲ್ಲುತ್ತದೆ, ಕುತ್ತಿಗೆಯಲ್ಲಿ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಹೋಗುತ್ತದೆ. ಕುತ್ತಿಗೆಯಲ್ಲಿ ಅಷ್ಟು ಹೋದರೆ ಮೇಲಿನ ಗುಂಡಿ ಹಾಕುವ ಹಾಗೇ ಇಲ್ಲ. ಚೌಕ ಇದ್ದದ್ದು ನಾಲ್ಕನೇ ಹಾಳೆಯಲ್ಲಿ, ತೋಳಿನ ತುಂಡಿನ ಒಳಗೆ. ಮೊದಲ ಹಾಳೆಯಲ್ಲೇ ಕಣ್ಣಿಗೆ ರಾಚುವ ಹಾಗೆ ಇರಬೇಕಾದದ್ದು ಅದು. ಈಗ ನಾನು ಯಾವ ಪ್ಯಾಟರ್ನ್ ತಂದರೂ ಚೌಕ ಇರುವ ಒಂದೇ ಹಾಳೆಯನ್ನು ಮೊದಲು ಪ್ರಿಂಟ್ ಮಾಡಿ, ಸ್ಕೇಲು ಇಟ್ಟು ನೋಡಿ, ಆಮೇಲೆ ಉಳಿದದ್ದು.

ಅಳತೆಯ ವಿಷಯದಲ್ಲಿ ಕೋರ್ಸು ಅರ್ಧ ಒಳ್ಳೆಯದು, ಅರ್ಧ ಕೆಟ್ಟದ್ದು. ಪ್ಯಾಟರ್ನಿನ ಮೇಲೆ ವಯಸ್ಸು ಮಾತ್ರ ಬರೆದಿದೆ: ನಾಲ್ಕು, ಐದು, ಆರು ವರ್ಷ. ಸೆಂಟಿಮೀಟರ್ ಲೆಕ್ಕದ ಪಟ್ಟಿ ಕೊನೆಯ ಪುಟದಲ್ಲಿದೆ. ವಯಸ್ಸು ನೋಡಿ ಮಕ್ಕಳಿಗೆ ಬಟ್ಟೆ ಕತ್ತರಿಸಿದರೆ ಕೆಟ್ಟಿತು. ನನ್ನ ಮಗನಿಗೆ ಐದು ವರ್ಷ, ಎತ್ತರದಲ್ಲಿ ಆರರ ಹುಡುಗ, ಎದೆಯಲ್ಲಿ ನಾಲ್ಕರ ಹುಡುಗ, ಕಡ್ಡಿ ಪೈಲ್ವಾನ್. ಐದರ ಅಳತೆ ಹಿಡಿದು ಹೊಲಿದ ಮೊದಲ ಶರ್ಟು ಅಗಲದಲ್ಲಿ ಚೀಲ, ಉದ್ದದಲ್ಲಿ ಗಿಡ್ಡ. ಇದಕ್ಕೆ ದಾರಿ ಏನೆಂದು ಕೋರ್ಸಿನ ಒಂದು ಚಿಕ್ಕ ವಿಡಿಯೋದಲ್ಲಿ ಚೆನ್ನಾಗಿ ತೋರಿಸಿದ್ದಾರೆ: ಅಗಲಕ್ಕೆ ಎದೆಯ ಸುತ್ತಳತೆ ಹೇಳಿದ ಸೈಜನ್ನೇ ಹಿಡಿ, ಉದ್ದವನ್ನು ಕಂಕುಳಿನ ಕೆಳಗೆ ಅಡ್ಡ ಗೆರೆ ಎಳೆದು ಕತ್ತರಿಸಿ ನಡುವೆ ಕಾಗದ ಸೇರಿಸಿ ಹೆಚ್ಚಿಸಿಕೋ, ತೋಳಿಗೂ ಹಾಗೇ ಮಾಡು. ಕುತ್ತಿಗೆ ಮತ್ತು ತೋಳುಸುತ್ತನ್ನು ಮುಟ್ಟಲೇಬೇಡ ಅನ್ನುತ್ತಾರೆ. ಈ ಒಂದು ವಿಡಿಯೋ ಮೊದಲು ಇಟ್ಟಿದ್ದರೆ ನನ್ನ ಮೊದಲ ಶರ್ಟು ಉಳಿಯುತ್ತಿತ್ತು. ಅವರು ಅದನ್ನು ‘ಹೆಚ್ಚುವರಿ’ ಅಂತ ಕೊನೆಗೆ ತುರುಕಿದ್ದಾರೆ.

ಸೈಜುಗಳಿರುವ ಕಾಗದದ ಪ್ಯಾಟರ್ನು ಹೊಸ ವಿಷಯವೇನಲ್ಲ. 1863ರಲ್ಲೇ ಅಮೆರಿಕದ ಎಬೆನೀಜರ್ ಬಟರಿಕ್ ಅನ್ನುವ ದರ್ಜಿ ಇಂಥವನ್ನು ಮಾರಲು ಶುರು ಮಾಡಿದ್ದ, ಅದೂ ಗಂಡಸರ ಮತ್ತು ಗಂಡುಮಕ್ಕಳ ಬಟ್ಟೆಯಿಂದ. ಇಷ್ಟು ವರ್ಷ ಆದಮೇಲೂ ಅಳತೆಯ ಪಟ್ಟಿಯನ್ನು ಕೊನೆಯ ಪುಟದಲ್ಲಿ ಬಚ್ಚಿಡುವುದು ಯಾಕೋ ತಿಳಿಯದು.

ಬಟ್ಟೆಯ ಪಾಠ ಚುಟುಕಾಗಿದೆ, ಸಾಕಷ್ಟಿದೆ. ತೆಳ್ಳಗಿನ, ಜಾರದ ಹತ್ತಿ ಬಟ್ಟೆ ತಗೊಳ್ಳಿ, ಕತ್ತರಿ ಹಾಕುವ ಮೊದಲು ಒಗೆದು ಒಣಗಿಸಿ ಇಸ್ತ್ರಿ ಮಾಡಿ, ಮೆಷಿನ್ ಸೂಜಿಯ ನಂಬರ್ 80/12. ಮೊದಲ ಸಲಕ್ಕೆ ಪಟ್ಟೆ, ಚೌಕಳಿ ಬೇಡ ಅಂತಾರೆ, ಮಾತು ಕೇಳಿ. ನಾನು ಕೇಳಲಿಲ್ಲ. ಚೌಕಳಿ ಬಟ್ಟೆಯಲ್ಲಿ ಕಾಲರ್ ಒಂದು ನೂಲು ಓರೆಯಾದರೂ ಇಡೀ ಊರಿಗೇ ಕಾಣುತ್ತದೆ.

ಈಗ ಕಾಲರ್. ಇದಕ್ಕೆ 41 ನಿಮಿಷದ ವಿಡಿಯೋ ಇದೆ, ಒಂದು ನಿಮಿಷವೂ ದಂಡ ಅಲ್ಲ. ತಿಳಿ ಬಣ್ಣದ ಬಟ್ಟೆಗೆ ಗಾಢ ಕೆಂಪು ದಾರ ಹಾಕಿ ಹೊಲಿದು ತೋರಿಸುತ್ತಾರೆ, ಹಾಗಾಗಿ ಪ್ರತಿ ಹೊಲಿಗೆಯೂ ಎಣಿಸುವ ಹಾಗೆ ಕಾಣುತ್ತದೆ. ಬಕ್ರಂ, ಅಂದರೆ ಕಾಲರ್ ಗಟ್ಟಿಯಾಗಿ ನಿಲ್ಲಲು ಒಳಗೆ ಅಂಟಿಸುವ ಬಟ್ಟೆ, ಅದರ ಬಗ್ಗೆ ಅವರು ಹೇಳಿದ್ದು ನನಗೆ ಹೊಸದು. ದೊಡ್ಡವರ ಶರ್ಟಿಗೆ ಹಾಕುವ ಗಟ್ಟಿ ಬಕ್ರಂ ಮಕ್ಕಳಿಗೆ ಬೇಡ, ತೆಳುವಾದದ್ದು ಸಾಕು, ಅದನ್ನೂ ಹೊಲಿಗೆಯ ಅಂಚಿನೊಳಗೆ ಬಾರದ ಹಾಗೆ ಸುತ್ತ ಕತ್ತರಿಸಿ ಅಂಟಿಸಿ. ಇಸ್ತ್ರಿ ಪೆಟ್ಟಿಗೆ ಎಳೆಯಬಾರದು, ಇಟ್ಟು ಒತ್ತಿ ಹತ್ತು ಹನ್ನೆರಡು ಸೆಕೆಂಡು ಬಿಟ್ಟು ಎತ್ತಬೇಕು, ಆಮೇಲೆ ಪಕ್ಕದಲ್ಲಿ ಇಡಬೇಕು. ನಾನು ರೂಢಿಯಂತೆ ಎಳೆದೆ. ಬಕ್ರಂ ಸರಿದು ಕಾಲರ್ ಮೇಲೆ ಗುಳ್ಳೆ ಎದ್ದಿತು.

ಕಾಲರಿನ ಕೆಳಪದರವನ್ನು ಮೇಲ್ಪದರಕ್ಕಿಂತ 2 ಮಿ.ಮೀ. ಚಿಕ್ಕದಾಗಿ ಕತ್ತರಿಸಿಕೊಳ್ಳುವುದು ಇನ್ನೊಂದು. ಎರಡೂ ಸಮ ಇದ್ದರೆ ಮಡಚಿದಾಗ ಕೆಳಗಿನದು ಹೊರಗೆ ಇಣುಕುತ್ತದೆ, ತುದಿ ಮೇಲಕ್ಕೆ ಎದ್ದು ನಿಲ್ಲುತ್ತದೆ. ಚಿಕ್ಕದಿದ್ದರೆ ಹೊಲಿಗೆ ತಾನಾಗಿ ಕೆಳಗೆ ಸರಿದುಕೊಂಡು ತುದಿ ಎದೆಯ ಕಡೆ ಬಾಗಿ ಕೂರುತ್ತದೆ. ಮನೆಯಲ್ಲಿರುವ ಹಳೇ ಶರ್ಟುಗಳ ಕಾಲರ್ ತಿರುಗಿಸಿ ನೋಡಿದೆ, ಚೆನ್ನಾಗಿ ಕೂತವುಗಳಲ್ಲೆಲ್ಲ ಹೊಲಿಗೆ ಒಂದು ಚೂರು ಒಳಗೇ ಇತ್ತು. ಇಷ್ಟು ವರ್ಷ ಹಾಕಿಕೊಂಡಿದ್ದೇನೆ, ಗಮನಿಸಿಯೇ ಇರಲಿಲ್ಲ.

ಮತ್ತೆ ಆ ಚೂಪು ತುದಿ. ಮೊದಲ ಶರ್ಟಿನಲ್ಲಿ ಕಾಲರ್ ತಿರುವಿ ಹಾಕಿ, ತುದಿ ಸರಿಯಾಗಿ ಬರಲಿಲ್ಲ ಅಂತ ಕತ್ತರಿಯ ಮೂತಿಯಿಂದ ಒಳಗಿಂದ ತಿವಿದೆ. ‘ಟಪ್’ ಅಂತ ಸಣ್ಣ ಶಬ್ದ. ಕತ್ತರಿ ಆಚೆ ಬಂತು. ಮಗ ಅಲ್ಲೇ ಕೂತಿದ್ದ, ತೂತಿನೊಳಗೆ ಬೆರಳು ಹಾಕಿ ಆಡಿಸುತ್ತಾ, “ಅಪ್ಪಾ, ಇದಕ್ಕೂ ಗುಂಡಿ ಹಾಕ್ತೀಯಾ?” ಅಂತ ಕೇಳಿದ. ವಿಡಿಯೋದಲ್ಲಿ ಕತ್ತರಿ ಮುಟ್ಟಬೇಡಿ ಅಂತ ಎರಡು ಸಲ ಹೇಳಿದ್ದಾರೆ, ತಪ್ಪು ನನ್ನದೇ. ಅವರ ಉಪಾಯ ಬೇರೆ. ತುದಿಗೆ ಬರುವ ಮೊದಲು ಹೊಲಿಗೆಯ ಉದ್ದವನ್ನು 2.5 ಮಿ.ಮೀ.ಯಿಂದ 1.5ಕ್ಕೆ ಇಳಿಸಬೇಕು, ತುದಿಯಲ್ಲಿ ಸೀದಾ ತಿರುಗದೆ ಒಂದೇ ಒಂದು ಹೊಲಿಗೆ ಓರೆಯಾಗಿ ಹಾಕಿ ಆಮೇಲೆ ತಿರುಗಬೇಕು. ಆ ಓರೆ ಹೊಲಿಗೆಯ ಜಾಗದಲ್ಲಿ ಒಂದು ಗಟ್ಟಿ ದಾರವನ್ನು ಎರಡು ಪದರದ ಒಳಗೆ ಸಿಕ್ಕಿಸಿಟ್ಟು ಹೊಲಿದರೆ, ತಿರುವಿ ಹಾಕಿದಾಗ ಆ ದಾರ ಹಿಡಿದು ಎಳೆದರಾಯಿತು. ತುದಿ ತಾನೇ ಈಚೆ ಬರುತ್ತದೆ. ಮೊದಲ ಸಲ ಎಳೆದಾಗ ಅದು ಹೊರಬಂದ ರೀತಿ ನೋಡಿ ಸುಮ್ನೆ ಇನ್ನೂ ಎರಡು ಕಾಲರ್ ಹೊಲಿದೆ, ಶರ್ಟೇ ಇಲ್ಲದೆ.

ಇಷ್ಟು ತಾಳ್ಮೆಯಿಂದ ಹೇಳಿಕೊಟ್ಟವರು ಬ್ಯಾಂಡಿಗೆ ಕೊಟ್ಟದ್ದು 9 ನಿಮಿಷ. ಅದರಲ್ಲೂ ಬ್ಯಾಂಡನ್ನು ಕುತ್ತಿಗೆಗೆ ಕೂಡಿಸುವ ಭಾಗವನ್ನು ವೇಗವಾಗಿ ಓಡಿಸಿ, ಹಿಂದೆ ಸಂಗೀತ ಹಾಕಿದ್ದಾರೆ. ಮಾತಿಲ್ಲ. ಕ್ಯಾಮೆರಾ ಹೆಗಲ ಮೇಲಿನಿಂದ, ಕೈ ಅಡ್ಡ. ಸಂಗೀತ ನಿಂತಾಗ ಕಾಲರ್ ಕೂತಿರುತ್ತದೆ!

ಬ್ಯಾಂಡ್ ಅಂದರೆ ಕಾಲರಿಗೂ ಶರ್ಟಿಗೂ ನಡುವೆ ನಿಂತುಕೊಂಡಿರುವ ಪಟ್ಟಿ, ಮೇಲಿನ ಗುಂಡಿ ಅದರಲ್ಲೇ ಬರುತ್ತದೆ. ಎರಡು ಪದರದ ಬ್ಯಾಂಡಿನ ನಡುವೆ ಕಾಲರ್ ಇಟ್ಟು ಹೊಲಿದು, ತಿರುವಿ, ಒಂದು ಪದರವನ್ನು ಕುತ್ತಿಗೆಗೆ ಹೊಲಿದು, ಇನ್ನೊಂದರ ಅಂಚನ್ನು ಒಳಕ್ಕೆ ಮಡಚಿ ಮುಚ್ಚಬೇಕು. ಕೇಳಲು ಇಷ್ಟೇ. ಹೊಲಿಯಲು ಹೋದರೆ ಬ್ಯಾಂಡ್ ಉದ್ದ, ಕುತ್ತಿಗೆ ಗಿಡ್ಡ ಅನಿಸುತ್ತದೆ. ಎಳೆದು ಕೂಡಿಸಿದೆ, ಹಿಂಭಾಗದಲ್ಲಿ ಸುಕ್ಕು ಬಿತ್ತು. ಬಿಚ್ಚಿದೆ. ಎರಡನೇ ಸಲ ಮುಂದಿನ ತುದಿಯಲ್ಲಿ ಬ್ಯಾಂಡು ಗುಂಡಿಪಟ್ಟಿಗಿಂತ ಆಚೆ ಚಾಚಿಕೊಂಡಿತು, ಉಬ್ಬು ಹಲ್ಲಿನ ಹಾಗೆ. ಮತ್ತೆ ಬಿಚ್ಚಿದೆ. ಮೂರನೇ ಸಲ ಬಿಚ್ಚುವಾಗ ಬಟ್ಟೆಯ ನೂಲೇ ಬಿಟ್ಟುಕೊಂಡಿತು. ಬ್ಯಾಂಡನ್ನೇ ತಪ್ಪಾಗಿ ಕತ್ತರಿಸಿದ್ದೇನೆ ಅಂದುಕೊಂಡು ಅಳೆದೆ. ಸರಿಯಾಗೇ ಇತ್ತು.

ತಪ್ಪು ಇದ್ದದ್ದು ಪ್ಯಾಟರ್ನಿನಲ್ಲಿ. ಎಲ್ಲ ಕಡೆಯೂ ಹೊಲಿಗೆಗೆ 1.5 ಸೆಂ.ಮೀ. ಅಂಚು ಬಿಟ್ಟಿದ್ದಾರೆ, ಕುತ್ತಿಗೆಗೂ. ಪಕ್ಕದ ನೇರ ಹೊಲಿಗೆಗೆ ಅದು ಸರಿ. ಆದರೆ ಕುತ್ತಿಗೆ ಒಳಕ್ಕೆ ಬಾಗಿದ ಸುತ್ತು. ಹೊಲಿಗೆಯ ಗೆರೆಗಿಂತ ಬಟ್ಟೆಯ ಅಂಚು ಒಳಗಿನ ಸುತ್ತಿನಲ್ಲಿರುತ್ತದೆ, ಅಂದರೆ ಚಿಕ್ಕದು. ಪೂರ್ತಿ ವೃತ್ತ ಅಂತ ಇಟ್ಟುಕೊಂಡರೆ 1.5 ಸೆಂ.ಮೀ. ಅಂಚಿಗೆ ಈ ಎರಡರ ಉದ್ದದಲ್ಲಿ ಸುಮಾರು 9.4 ಸೆಂ.ಮೀ. ವ್ಯತ್ಯಾಸ. ಅಂಚನ್ನು 6 ಮಿ.ಮೀ.ಗೆ ಇಳಿಸಿದರೆ ವ್ಯತ್ಯಾಸ 3.8 ಸೆಂ.ಮೀ. ಮಾತ್ರ. ತಮಾಷೆ ಎಂದರೆ ಈ ವ್ಯತ್ಯಾಸಕ್ಕೆ ಕುತ್ತಿಗೆ ದೊಡ್ಡದೋ ಚಿಕ್ಕದೋ ಅನ್ನುವ ಲೆಕ್ಕವೇ ಇಲ್ಲ, ಅಂಚಿನ ಅಗಲ ಒಂದೇ ಲೆಕ್ಕ. ದೊಡ್ಡವರ 40 ಸೆಂ.ಮೀ. ಕುತ್ತಿಗೆಯಲ್ಲಿ ಅದು ಹೇಗೋ ಹಂಚಿಕೊಂಡು ಹೋಗುತ್ತದೆ. ಮಗುವಿನ 28 ಸೆಂ.ಮೀ. ಕುತ್ತಿಗೆಯಲ್ಲಿ ಎಲ್ಲಿಗೆ ಹೋಗಬೇಕು? ಸುಕ್ಕಾಗುತ್ತದೆ. ಚಿಕ್ಕ ಶರ್ಟು ಅಂದರೆ ಸುಲಭ ಅಂದುಕೊಂಡು ಶುರು ಮಾಡಿದ್ದೆ ನಾನು. ಬಟ್ಟೆ ಕಡಿಮೆ ಸಾಕು ಅನ್ನುವುದು ಬಿಟ್ಟರೆ ಚಿಕ್ಕದರಲ್ಲಿ ಸುಲಭ ಏನೂ ಇಲ್ಲ.

ಇದನ್ನು ಕೋರ್ಸು ಹೇಳಲಿಲ್ಲ, ಕಾಗದದ ಮೇಲೆ ಎರಡು ವೃತ್ತ ಬರೆದು ನಾನೇ ಲೆಕ್ಕ ಹಾಕಿದ್ದು. ಪ್ರಶ್ನೆ ಕೇಳಲು ಜಾಗ ಕೊಟ್ಟಿದ್ದಾರೆ, ಸುಕ್ಕಿನ ಫೋಟೋ ಹಾಕಿ ಕೇಳಿದ್ದೆ. ಹನ್ನೊಂದು ದಿನಕ್ಕೆ ಉತ್ತರ ಬಂತು: ‘ಆರನೇ ಪಾಠ ಮತ್ತೊಮ್ಮೆ ನೋಡಿ’. ಆರನೇ ಪಾಠ ಅಂದರೆ ಅದೇ ಸಂಗೀತದ ಪಾಠ.

ಮೂರನೇ ಶರ್ಟಿಗೆ ನಾನು ಮಾಡಿದ್ದನ್ನು ಹೇಳುತ್ತೇನೆ, ಬೇರೆ ಯಾವ ಪ್ಯಾಟರ್ನ್ ಇದ್ದರೂ ಕೆಲಸಕ್ಕೆ ಬರುತ್ತದೆ. ಕುತ್ತಿಗೆಯ ಅಂಚನ್ನೂ ಬ್ಯಾಂಡಿನ ಕೆಳ ಅಂಚನ್ನೂ ಕಾಗದದಲ್ಲೇ 6 ಮಿ.ಮೀ.ಗೆ ಇಳಿಸಿದೆ. ಬಟ್ಟೆ ಕತ್ತರಿಸಿ ಯೋಕ್ (ಭುಜದ ಮೇಲಿನ ತುಂಡು) ಕೂಡಿಸಿದ ಕೂಡಲೇ, ಬೇರೆ ಏನೂ ಮಾಡುವ ಮೊದಲು, ಕುತ್ತಿಗೆಯ ಸುತ್ತ ಅಂಚಿನಿಂದ 4 ಮಿ.ಮೀ. ಒಳಗೆ ಒಂದು ಸಾಲು ಹೊಲಿಗೆ ಓಡಿಸಿದೆ. ಕುತ್ತಿಗೆ ಓರೆಯಾಗಿ ಕತ್ತರಿಸಿದ ಜಾಗ, ಎತ್ತಿ ಇಳಿಸುವುದರಲ್ಲೇ ಹಿಗ್ಗಿಬಿಡುತ್ತದೆ, ಈ ಸಾಲು ಅದನ್ನು ಹಿಡಿದಿಡುತ್ತದೆ. ಆಮೇಲೆ ಆ ಸಾಲನ್ನು ದಾಟದ ಹಾಗೆ ಅಂಚಿಗೆ ಅಲ್ಲಲ್ಲಿ ಸಣ್ಣ ಕಚ್ಚು ಕೊಟ್ಟೆ. ಕಚ್ಚು ಕೊಟ್ಟ ತಕ್ಷಣ ಅಂಚು ಬಿಚ್ಚಿಕೊಂಡು ಬ್ಯಾಂಡಿನ ಉದ್ದಕ್ಕೆ ಸರಿಯಾಗಿ ಬಂದು ಕೂತಿತು. ಬೆನ್ನಿನ ನಡು, ಎರಡು ಭುಜ, ಎರಡು ಮುಂದಿನ ತುದಿ, ಐದೂ ಕಡೆ ಗುರುತು ಹೊಂದಿಸಿ ಮೊದಲು ಕೈಯಿಂದ ಕಚ್ಚಾ ಹೊಲಿಗೆ ಹಾಕಿದೆ. ಇಷ್ಟು ಚಿಕ್ಕ ಸುತ್ತಿನಲ್ಲಿ ಹತ್ತು ಗುಂಡುಸೂಜಿ ಚುಚ್ಚಿದರೆ ಮುಳ್ಳುಹಂದಿಯ ಹಾಗೆ ಆಗುತ್ತದೆ, ಮೆಷಿನ್ ಕೆಳಗೆ ತಿರುಗಿಸುವುದೇ ಕಷ್ಟ. ಕಚ್ಚಾ ಹೊಲಿಗೆಗೆ ಹತ್ತು ನಿಮಿಷ ಜಾಸ್ತಿ ಹಿಡಿಯಿತು, ಬಿಚ್ಚುವ ಕೆಲಸ ಪೂರ್ತಿ ಉಳಿಯಿತು.

ಕ್ರಮವನ್ನೂ ತಿರುಗಿಸಿದೆ. ಕಾಲರ್ ಸೇರಿಸಿದ ಬ್ಯಾಂಡನ್ನು ಕುತ್ತಿಗೆಗೆ ತರುವ ಬದಲು, ಮೊದಲು ಬ್ಯಾಂಡಿನ ಎರಡೂ ಪದರವನ್ನು ಕುತ್ತಿಗೆಯ ಒಳಗೊಂದು ಹೊರಗೊಂದು ಇಟ್ಟು ಹೊಲಿದೆ, ಕಾಲರನ್ನು ಆಮೇಲೆ ಕೂರಿಸಿದೆ. ಹೀಗೆ ಮಾಡಿದರೆ ಮುಂದಿನ ತುದಿ ಗುಂಡಿಪಟ್ಟಿಗೆ ಸಮ ಇದೆಯೇ ಅಂತ ಕಾಲರ್ ಬರುವ ಮೊದಲೇ ನೋಡಿಕೊಳ್ಳಬಹುದು. ಉಬ್ಬು ಹಲ್ಲು ಬರಲಿಲ್ಲ.

ಅವರನ್ನು ಬರೀ ಬೈದರೆ ನ್ಯಾಯ ಅಲ್ಲ. ಯೋಕಿನ ಪಾಠ ನೋಡಬೇಕು ನೀವು. ಭುಜದ ಮೇಲೆ ಬರುವ ಎರಡು ಪದರದ ತುಂಡು ಅದು, ಒಳಗೆ ಒಂದು ಅಂಚೂ ಕಾಣದ ಹಾಗೆ ಹೊಲಿಯಬೇಕು. ಬೆನ್ನಿನ ಭಾಗವನ್ನೂ ಎದೆಯ ಭಾಗಗಳನ್ನೂ ಹಾಸಿಗೆ ಸುತ್ತಿದ ಹಾಗೆ ಸುರುಳಿ ಸುತ್ತಿ, ಎರಡು ಯೋಕಿನ ನಡುವೆ ಹುದುಗಿಸಿ, ಭುಜದ ಹೊಲಿಗೆ ಹಾಕಿ, ಕುತ್ತಿಗೆಯ ಸಂದಿಯಿಂದ ಎಲ್ಲವನ್ನೂ ಹೊರಗೆ ಎಳೆಯುತ್ತಾರೆ. ಹೊಲಿಯುವಾಗ ಎಲ್ಲ ಗಂಟು ಬಿತ್ತು ಅನಿಸುತ್ತದೆ, ಎಳೆದರೆ ಅಚ್ಚುಕಟ್ಟಾದ ಭುಜ. ಎರಡು ಸಲ ಮಾಡಿ ತೋರಿಸುತ್ತಾರೆ, ಎರಡನೇ ಸಲ ನಿಧಾನವಾಗಿ. ತೋಳಿನ ಪಾಠವೂ ಚೆನ್ನಾಗಿದೆ, ಪಕ್ಕದ ಹೊಲಿಗೆ ಹಾಕುವ ಮೊದಲೇ ತೋಳನ್ನು ಚಪ್ಪಟೆ ಇಟ್ಟು ಕೂಡಿಸುವುದು, ಚಿಕ್ಕ ತೋಳಿಗೆ ಅದೇ ಸರಿ. ಜೇಬು ಯಾರಿಗಾದರೂ ಬರುತ್ತದೆ, ಬಿಡಿ.

ಕಾಜದ ಬಗ್ಗೆ ಎರಡು ಮಾತು. ಗುಂಡಿಯ ಅಗಲಕ್ಕೆ ಅದರ ದಪ್ಪ ಸೇರಿಸಿದರೆ ಕಾಜದ ಉದ್ದ. ನನ್ನ ಗುಂಡಿ 10 ಮಿ.ಮೀ. ಅಗಲ, ಎರಡೂವರೆ ದಪ್ಪ, ಕಾಜ ಹನ್ನೆರಡೂವರೆ. ಬ್ಯಾಂಡಿನ ಕಾಜ ಅಡ್ಡ, ಕೆಳಗಿನವೆಲ್ಲ ಉದ್ದ. ಯಾಕೆ ಅಂತಲೂ ಹೇಳುತ್ತಾರೆ, ಕುತ್ತಿಗೆಯಲ್ಲಿ ಎಳೆತ ಅಡ್ಡಕ್ಕೆ, ಅಡ್ಡ ಕಾಜದಲ್ಲಿ ಗುಂಡಿ ತುದಿಗೆ ಸರಿದು ನಿಲ್ಲುತ್ತದೆ. ಕತ್ತರಿಸುವಾಗ ಕಾಜದ ಕೊನೆಗೆ ಅಡ್ಡ ಗುಂಡುಸೂಜಿ ಚುಚ್ಚಿಟ್ಟರೆ ಬ್ಲೇಡು ಅದನ್ನು ದಾಟುವುದಿಲ್ಲ. ಹೇಳದೆ ಬಿಟ್ಟದ್ದು: ಪರೀಕ್ಷೆಗೆ ಹಾಕುವ ಕಾಜವನ್ನು ಬರೀ ಬಟ್ಟೆಯ ಮೇಲಲ್ಲ, ಬಕ್ರಂ ಸೇರಿ ಅಷ್ಟೇ ಪದರದ ಮೇಲೆ ಹಾಕಿ ನೋಡಬೇಕು. ತೆಳು ತುಂಡಿನ ಮೇಲೆ ಚಂದ ಬಂದ ಕಾಜ ಬ್ಯಾಂಡಿನ ಮೇಲೆ ಹೋಗಿ ಅರ್ಧದಲ್ಲಿ ಸಿಕ್ಕಿಕೊಂಡಿತು, ಅದನ್ನು ಬಿಚ್ಚುವುದರಲ್ಲಿ ಒಂದು ಸಂಜೆ ಹೋಯಿತು. ಇನ್ನೂ ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಗುವಿಗೆ ಹೊಲಿಯುವವರು ಗುಂಡಿಯನ್ನು ಒಂದಕ್ಕೆರಡು ಸಲ ದಾರ ಸುತ್ತಿ ಗಟ್ಟಿ ಮಾಡಿ, ಎಳೆದು ನೋಡಿ. ಕೋರ್ಸಿನಲ್ಲಿ ಈ ಮಾತೇ ಇಲ್ಲ, ಇರಬೇಕಿತ್ತು.

ತಗೋಬೇಕಾ ಬೇಡವಾ? ಪೈಜಾಮ, ತೋಳಿಲ್ಲದ ಫ್ರಾಕು ಹೊಲಿದು ಕೈ ಪಳಗಿದ್ದರೆ ತಗೊಳ್ಳಿ, ಕಾಲರ್ ಮತ್ತು ಯೋಕ್ ಎರಡಕ್ಕೇ ಕೊಟ್ಟ ದುಡ್ಡು ಬರುತ್ತದೆ. ಬ್ಯಾಂಡಿನ ಪಾಠವನ್ನು ಬೇರೆ ಯಾರ ಹತ್ತಿರವಾದರೂ ಕಲಿಯಿರಿ. ಪಕ್ಕದಲ್ಲಿ ಕೂತು ಕೈ ಹಿಡಿದು ತೋರಿಸುವವರು ಒಬ್ಬರು ಸಿಕ್ಕರೆ ಈ ಕೋರ್ಸೇ ಬೇಡ. ಸೇರುವ ಮೊದಲು ಯಾವ ಕೋರ್ಸಿನದ್ದೇ ಆಗಲಿ ಪಾಠಗಳ ಪಟ್ಟಿ ನೋಡಿ, ಬ್ಯಾಂಡಿಗೆ ಎಷ್ಟು ನಿಮಿಷ ಇದೆ ಅಂತ ಹುಡುಕಿ. ಕಾಲರಿಗೆ ಕೊಟ್ಟಷ್ಟಾದರೂ ಇಲ್ಲದಿದ್ದರೆ ಯೋಚಿಸಿ. ಐದಕ್ಕೆ ಮೂರು ನಕ್ಷತ್ರ ಕೊಟ್ಟಿದ್ದೇನೆ. ಅಳತೆಯ ವಿಡಿಯೋವನ್ನು ಮುಂದಕ್ಕೆ ತಂದು, ಆರನೇ ಪಾಠದ ಸಂಗೀತ ತೆಗೆದು ಬಾಯಿಬಿಟ್ಟು ಹೇಳಿಕೊಟ್ಟರೆ ನಾಲ್ಕೂವರೆ.

ನಾಲ್ಕನೇ ಶರ್ಟಿನ ಬಟ್ಟೆ ಒಗೆದು ಒಣಗಲು ಹಾಕಿದ್ದೇನೆ. ಈ ಸಲ ಅವನಿಗೆ ಎರಡೂ ಕಡೆ ಜೇಬು ಬೇಕಂತೆ, ಒಂದರಲ್ಲಿ ಕಲ್ಲು, ಇನ್ನೊಂದರಲ್ಲಿ ಏನೋ, ಹೇಳುವುದಿಲ್ಲವಂತೆ. ಪ್ಯಾಟರ್ನಿನಲ್ಲಿ ಜೇಬು ಒಂದೇ ಇದೆ.